ಎಲ್ಲರಿಗೂ ಒಂದೇ ಕ್ಯಾಲೆಂಡರ್: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಒಂದು ವಿಭಾಗದ ಕಚೇರಿಯಲ್ಲಿದ್ದೇನೆ. ಇನ್ನು ಮುಂದೆ ಮೀಟಿಂಗ್, ಸೆಮಿನಾರ್, ವೈವಾ ಎಲ್ಲವೂ ಆನ್‌ಲೈನ್ ಕ್ಯಾಲೆಂಡರ್‌ನಲ್ಲೇ ಇರಬೇಕು ಅಂತ ತೀರ್ಮಾನ ಆಗಿದೆ. ಆ ಕೆಲಸ ನನ್ನ ತಲೆಗೆ ಬಂದಿದೆ. ಇಲ್ಲಿವರೆಗೂ ನೋಟಿಸ್ ಬೋರ್ಡು, ವಾಟ್ಸಾಪ್ ಗ್ರೂಪಲ್ಲೇ ನಡೀತಿತ್ತು. ಮೊದಲು ಏನು ಮಾಡಲಿ?

ಉತ್ತರ: ಮೊದಲು, ಹೊಸ ಆ್ಯಪ್ ಹುಡುಕೋಕೆ ಹೋಗಬೇಡಿ. ನಿಮ್ಮ ಆಫೀಸಿನ ಮೇಲ್ ಗೂಗಲ್‌ನದ್ದಾದರೆ ಗೂಗಲ್ ಕ್ಯಾಲೆಂಡರ್, ಮೈಕ್ರೋಸಾಫ್ಟ್‌ನದ್ದಾದರೆ ಔಟ್‌ಲುಕ್. ಎಲ್ಲರಿಗೂ ಈಗಾಗಲೇ ಲಾಗಿನ್ ಇರುವುದನ್ನೇ ಬಳಸಿ. ಇನ್ನೊಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳಿ ಅಂದರೆ ಅರ್ಧ ಜನ ಅಲ್ಲೇ ಕೈಬಿಡುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ಸ್ವಂತ ಕ್ಯಾಲೆಂಡರನ್ನೇ ಎಲ್ಲರಿಗೂ ಹಂಚಬೇಡಿ, ವಿಭಾಗಕ್ಕೆ ಅಂತ ಬೇರೆಯದೇ ಮಾಡಿ. ಗೂಗಲ್‌ನಲ್ಲಾದರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದು, ಎಡಗಡೆ 'ಅದರ್ ಕ್ಯಾಲೆಂಡರ್ಸ್' ಪಕ್ಕದ ಪ್ಲಸ್ ಒತ್ತಿದರೆ ಹೊಸದು ಮಾಡುವ ಆಯ್ಕೆ ಬರುತ್ತದೆ. ಅದನ್ನು ವಿಭಾಗದ ಮೇಲ್ ಖಾತೆಯಿಂದಲೇ ಮಾಡಿದರೆ ಒಳ್ಳೆಯದು. ಯಾಕೆ ಅಂದರೆ, ಒಬ್ಬರ ಸ್ವಂತ ಖಾತೆಯಲ್ಲಿ ಮಾಡಿಟ್ಟು ಅವರು ಕೆಲಸ ಬಿಟ್ಟುಹೋಗಿ, ಆ ಖಾತೆ ಮುಚ್ಚಿಹೋದರೆ ಕ್ಯಾಲೆಂಡರೂ ಅದರ ಜೊತೆಗೇ ಹೋಗಬಹುದು. ಅಂಥ ಖಾತೆ ಇಲ್ಲ ಅಂದರೆ ಕನಿಷ್ಠ ಇನ್ನೊಬ್ಬರಿಗಾದರೂ ಪೂರ್ತಿ ಅಧಿಕಾರ ಕೊಟ್ಟಿಡಿ.

ಬರೆಯುವ ಅಧಿಕಾರ ಎಷ್ಟು ಜನಕ್ಕೆ? ಇಬ್ಬರು, ಜಾಸ್ತಿ ಅಂದರೆ ಮೂವರು. ಉಳಿದವರಿಗೆ ನೋಡುವುದಷ್ಟೇ ಸಾಕು. ಇದಕ್ಕೆ ಬೇಜಾರು ಮಾಡಿಕೊಳ್ಳುವವರು ಇರುತ್ತಾರೆ, ಇರಲಿ. ವಾರದ ಪುಟ ನೋಡುತ್ತಾ ಯಾರೋ ಒಬ್ಬರ ಮೌಸ್ ತಪ್ಪಿ ಎಳೆದರೂ ಮಂಗಳವಾರದ ವೈವಾ ಬುಧವಾರಕ್ಕೆ ಜಾರುತ್ತದೆ, ಅದೂ ಎಲ್ಲರ ಪರದೆಯಲ್ಲಿ. ಅಳಿಸಿಹೋದದ್ದನ್ನಾದರೆ ಗೂಗಲ್‌ನ ಟ್ರ್ಯಾಶ್‌ನಿಂದ ಸುಮಾರು 30 ದಿನದೊಳಗೆ ವಾಪಸ್ ತರಬಹುದು. ಜಾಗ ಬದಲಾಯಿಸಿದ್ದು ಹಾಗಲ್ಲ, ಯಾರಾದರೂ ಗಮನಿಸುವವರೆಗೆ ಗೊತ್ತೇ ಆಗಲ್ಲ.

ಹೆಸರು ಬರೆಯುವಾಗ ಸುಮ್ನೆ 'ಮೀಟಿಂಗ್' ಅಂತ ಹಾಕಬೇಡಿ. 'ಪಠ್ಯಕ್ರಮ ಸಮಿತಿ, ಕೊಠಡಿ 204' ಅಂತಿದ್ದರೆ ಫೋನ್ ತೆರೆಯದೆ ಬರೀ ನೋಟಿಫಿಕೇಶನ್ ನೋಡಿಯೇ ಎಲ್ಲಿಗೆ ಹೋಗಬೇಕು ಅಂತ ತಿಳಿಯುತ್ತದೆ. ಇನ್ನೊಂದು ವಿಷಯ, ಶುರುವಿನಲ್ಲಿ ಎಲ್ಲರ ಕ್ಲಾಸ್ ಟೈಮ್‌ಟೇಬಲ್ ತುಂಬಿಸಲು ಹೋಗಬೇಡಿ. ವಿಭಾಗದ ಮೀಟಿಂಗ್, ಕೊನೆ ದಿನಾಂಕಗಳು, ಸೆಮಿನಾರ್, ಇಷ್ಟು ಸಾಕು. ಪರದೆ ತುಂಬ ಬಣ್ಣದ ಪಟ್ಟಿಗಳೇ ಆದರೆ ಜನ ಟಿಕ್ ತೆಗೆದು ಅಡಗಿಸಿಬಿಡುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಕ್ಯಾಲೆಂಡರ್ ಶೇರ್ ಮಾಡಿ ಅಂತ ಹೇಳಿದ್ದಾರೆ. ನಾನು ಡಾಕ್ಟರ ಹತ್ತಿರ ಹೋಗುವುದು, ಮಗಳ ಶಾಲೆಯ ಮೀಟಿಂಗು, ಎಲ್ಲ ಅದರಲ್ಲೇ ಬರೆದಿದ್ದೇನೆ. ಸಹೋದ್ಯೋಗಿಗಳಿಗೆ ಅದೆಲ್ಲ ಕಾಣುತ್ತಾ?

ಉತ್ತರ: ನೀವು ಯಾವ ಹಂತದಲ್ಲಿ ಶೇರ್ ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಗೂಗಲ್, ಔಟ್‌ಲುಕ್ ಎರಡರಲ್ಲೂ ಹಂತಗಳಿವೆ. ಕೆಳಗಿನ ಹಂತದಲ್ಲಿ ನೀವು ಆ ಹೊತ್ತಿಗೆ ಬಿಡುವಾಗಿದ್ದೀರಾ, ಬ್ಯುಸಿ ಇದ್ದೀರಾ ಅಂತ ಮಾತ್ರ ಕಾಣುತ್ತದೆ, ಏನು ಕೆಲಸ ಅಂತ ಕಾಣಲ್ಲ. ಅದರ ಮೇಲಿನದ್ದರಲ್ಲಿ ವಿವರ ಕಾಣುತ್ತದೆ. ಇನ್ನೂ ಮೇಲೆ ಹೋದರೆ ತಿದ್ದುವ ಅಧಿಕಾರ. ಮೀಟಿಂಗಿಗೆ ಹೊತ್ತು ಹುಡುಕಲು ಮೊದಲ ಹಂತವೇ ಧಾರಾಳ ಸಾಕು. 'ವಿವರ ಎಲ್ಲ ತೋರಿಸಿ' ಅಂತ ಯಾರಾದರೂ ಒತ್ತಾಯ ಮಾಡಿದರೆ, ಯಾಕೆ ಬೇಕು ಅಂತ ಕೇಳಿ. ಕೇಳಬಹುದಾದ ಪ್ರಶ್ನೆಯೇ ಅದು.

ಒಂದೊಂದು ಕೆಲಸಕ್ಕೆ ಬೇಕಾದರೆ 'ಪ್ರೈವೇಟ್' ಅಂತಲೂ ಗುರುತು ಹಾಕಬಹುದು. ಆದರೆ ಗೂಗಲ್‌ನಲ್ಲಿ ನಿಮ್ಮ ಕ್ಯಾಲೆಂಡರ್ ತಿದ್ದುವ ಅಧಿಕಾರ ಯಾರಿಗಿದೆಯೋ ಅವರಿಗೆ ಪ್ರೈವೇಟ್ ಕೂಡ ಕಾಣುತ್ತದೆ. ಆ ಅಧಿಕಾರವನ್ನು ಸುಲಭವಾಗಿ ಕೊಡಬೇಡಿ. ಶೇರ್ ಮಾಡುವ ಪುಟದಲ್ಲಿ 'ಮೇಕ್ ಅವೈಲಬಲ್ ಟು ಪಬ್ಲಿಕ್' ಅನ್ನುವ ಚೌಕ ಇರುತ್ತದೆ, ಅದನ್ನು ಮುಟ್ಟಲೇಬೇಡಿ. ನಿಜ ಹೇಳಬೇಕೆಂದರೆ, ಡಾಕ್ಟರ್ ವಿಷಯವನ್ನು ಆಫೀಸಿನ ಖಾತೆಯಲ್ಲಿ ಬರೆಯದೆ ನಿಮ್ಮ ಸ್ವಂತ ಖಾತೆಯಲ್ಲಿ ಬರೆದು, ಇಲ್ಲಿ ಬರೀ 'ಬ್ಯುಸಿ' ಅಂತ ಹಾಕಿದರೆ ನೆಮ್ಮದಿ.

ಪ್ರಶ್ನೆ: ನಾನು ರಜೆ ಅಂತ ಕ್ಯಾಲೆಂಡರ್‌ನಲ್ಲಿ ಹಾಕಿದ್ದರೂ ಅದೇ ದಿನ ನನಗೆ ಮೀಟಿಂಗ್ ಇಡುತ್ತಾರೆ. ಪಾಠ ಮಾಡುವ ಹೊತ್ತಿಗೂ ಇಡುತ್ತಾರೆ. ಯಾರೂ ನೋಡೋದೇ ಇಲ್ವಾ?

ಉತ್ತರ: ನೋಡಿಯೇ ಇಟ್ಟಿರಬಹುದು! ರಜೆಯನ್ನು 'ಆಲ್ ಡೇ' ಅಂತ ಹಾಕಿದರೆ, ಗೂಗಲ್ಲೂ ಔಟ್‌ಲುಕ್ಕೂ ಅದನ್ನು ಸಾಮಾನ್ಯವಾಗಿ 'ಫ್ರೀ' ಅಂತಲೇ ಲೆಕ್ಕ ಹಾಕುತ್ತವೆ. ಹುಟ್ಟುಹಬ್ಬ, ಕೊನೆ ದಿನಾಂಕ ಇಂಥವಕ್ಕಾದರೆ ಅದು ಸರಿ, ರಜೆಗೆ ಸರಿಯಲ್ಲ. ಹಾಕುವಾಗಲೇ 'ಬ್ಯುಸಿ' ಅಥವಾ 'ಔಟ್ ಆಫ್ ಆಫೀಸ್' ಅಂತ ಬದಲಾಯಿಸಿ. ಇಷ್ಟು ಮಾಡಿದರೆ ನಿಮ್ಮ ಅರ್ಧ ದೂರು ಕಡಿಮೆಯಾಗುತ್ತದೆ.

ಪಾಠದ ವಿಷಯಕ್ಕೆ ಬಂದರೆ, ನೀವು ಹಾಕಿದ್ದನ್ನಷ್ಟೇ ಸಾಫ್ಟ್‌ವೇರ್ ನೋಡುತ್ತದೆ. ಗೂಗಲ್‌ನ 'ಫೈಂಡ್ ಎ ಟೈಮ್' ಆಗಲಿ ಔಟ್‌ಲುಕ್‌ನ 'ಶೆಡ್ಯೂಲಿಂಗ್ ಅಸಿಸ್ಟೆಂಟ್' ಆಗಲಿ, ಖಾಲಿ ಕಂಡರೆ ಖಾಲಿ ಅಂತಲೇ ಹೇಳುತ್ತದೆ, ನೀವು ಕ್ಲಾಸಿನಲ್ಲಿ ನಿಂತಿರುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ವಾರವಾರ ಬರುವ ಕ್ಲಾಸನ್ನು ಒಂದೇ ಸಲ 'ರಿಪೀಟ್' ಹಾಕಿ, ಸೆಮಿಸ್ಟರ್ ಮುಗಿಯುವ ದಿನವನ್ನೇ ಕೊನೆ ದಿನ ಅಂತ ಕೊಡಿ. ಕೊನೆ ದಿನ ಕೊಡದಿದ್ದರೆ ಮುಗಿದುಹೋದ ಕೋರ್ಸು ಮುಂದಿನ ವರ್ಷವೂ ನಿಮ್ಮನ್ನು ಬ್ಯುಸಿ ಅಂತ ತೋರಿಸುತ್ತಾ ಕೂತಿರುತ್ತದೆ. ಒಂದು ವಾರ ಮಾತ್ರ ಹೊತ್ತು ಬದಲಾದರೆ, ಸೇವ್ ಮಾಡುವಾಗ 'ದಿಸ್ ಇವೆಂಟ್' ಅನ್ನುವುದನ್ನೇ ಆರಿಸಿ. 'ಆಲ್' ಒತ್ತಿದರೆ ಇಡೀ ಸೆಮಿಸ್ಟರ್ ಜಾರುತ್ತದೆ.

ಪ್ರಶ್ನೆ: ಪರೀಕ್ಷಾ ವೇಳಾಪಟ್ಟಿಯ ಐಸಿಎಸ್ ಫೈಲ್ (ಕ್ಯಾಲೆಂಡರಿಗೆ ಸೇರಿಸಬಹುದಾದ ದಿನಾಂಕಗಳ ಫೈಲ್) ಡೌನ್‌ಲೋಡ್ ಮಾಡಿ ನನ್ನ ಕ್ಯಾಲೆಂಡರಿಗೆ ಸೇರಿಸಿದ್ದೆ. ಆಮೇಲೆ ದಿನಾಂಕ ಬದಲಾಯಿತು. ನನ್ನದರಲ್ಲಿ ಹಳೆಯದೇ ಇದೆ. ಏನು ತಪ್ಪಾಗಿದೆ?

ಉತ್ತರ: ಫೈಲಿನಲ್ಲಿ ಏನೂ ತಪ್ಪಿಲ್ಲ. ನೀವು ಮಾಡಿದ್ದು ಇಂಪೋರ್ಟ್, ಅಂದರೆ ಆ ದಿನದ ಜೆರಾಕ್ಸ್ ಪ್ರತಿ ತೆಗೆದುಕೊಂಡ ಹಾಗೆ. ಮೂಲದಲ್ಲಿ ಏನೇ ತಿದ್ದಿದರೂ ಇಲ್ಲಿಗೆ ಬರಲ್ಲ. ಬದಲಾವಣೆ ತಾನಾಗೇ ಬರಬೇಕು ಅಂದರೆ ಫೈಲ್ ಬದಲು ಅದರ ಲಿಂಕ್ ಕೇಳಿ, 'ಫ್ರಮ್ ಯುಆರ್‌ಎಲ್' ಅನ್ನುವಲ್ಲಿ ಹಾಕಿ ಸಬ್‌ಸ್ಕ್ರೈಬ್ ಮಾಡಿ. ಐಸಿಎಸ್ ಫೈಲಿನ ಈ ಮಾದರಿಗೆ ಐಕ್ಯಾಲೆಂಡರ್ ಅಂತ ಹೆಸರು, ಅದು 1998ರಿಂದ ಇದೆ. ಅದಕ್ಕೇ ಗೂಗಲ್, ಔಟ್‌ಲುಕ್, ಆ್ಯಪಲ್ ಯಾವುದರಲ್ಲಾದರೂ ತೆರೆಯುತ್ತದೆ. ಹಳೆಯ ಪ್ರತಿಯನ್ನು ಮೊದಲು ಅಳಿಸಿ, ಇಲ್ಲದಿದ್ದರೆ ಒಂದೇ ಪರೀಕ್ಷೆ ಎರಡು ದಿನ ಕಾಣುತ್ತದೆ. ಸಬ್‌ಸ್ಕ್ರೈಬ್ ಮಾಡಿದ್ದು ಕೂಡ ತಕ್ಷಣ ಹೊಸದಾಗಲ್ಲ, ಹಲವು ಗಂಟೆ ಹಿಡಿಯಬಹುದು. ಹಾಗಾಗಿ ನಾಳೆ ಬೆಳಿಗ್ಗೆಯ ಪರೀಕ್ಷೆಯನ್ನು ಇವತ್ತು ಸಂಜೆ ಮುಂದೂಡಿದರೆ ಕ್ಯಾಲೆಂಡರನ್ನೇ ನಂಬಿ ಕೂರಬೇಡಿ, ಮೆಸೇಜೂ ಹೋಗಲಿ.

ಪ್ರಶ್ನೆ: ಜಾಗ ಅನ್ನುವಲ್ಲಿ 'ಸೆಮಿನಾರ್ ಹಾಲ್' ಅಂತ ಬರೆದಿದ್ದರೂ ಅದೇ ಹೊತ್ತಿಗೆ ಬೇರೆ ವಿಭಾಗದವರು ಬಂದು ಕೂತಿರುತ್ತಾರೆ.

ಉತ್ತರ: ಅಲ್ಲಿ ಟೈಪ್ ಮಾಡಿದ್ದು ಬರೀ ಅಕ್ಷರ, ಅದರಿಂದ ಹಾಲ್ ಬುಕ್ ಆಗಲ್ಲ. ಗೂಗಲ್‌ನ ಆಫೀಸ್ ಆವೃತ್ತಿಯಲ್ಲೂ ಮೈಕ್ರೋಸಾಫ್ಟ್‌ನಲ್ಲೂ ಕೊಠಡಿಗೇ ಒಂದು ಕ್ಯಾಲೆಂಡರ್ ಕೊಡಬಹುದು. ಅದನ್ನು ಅಡ್ಮಿನ್ ಮಾತ್ರ ಮಾಡಬೇಕು, ನಿಮ್ಮ ಐಟಿ ವಿಭಾಗಕ್ಕೆ ಮೇಲ್ ಹಾಕಿ. ಆಮೇಲೆ ಜನರನ್ನು ಕರೆಯುವ ಹಾಗೇ ಹಾಲನ್ನೂ ಮೀಟಿಂಗಿಗೆ ಸೇರಿಸುವುದು. ತಾನಾಗಿ ಒಪ್ಪುವಂತೆ ಸೆಟ್ಟಿಂಗ್ ಇಟ್ಟರೆ, ಖಾಲಿ ಇದ್ದರೆ ಒಪ್ಪುತ್ತದೆ, ಮೊದಲೇ ಯಾರಾದರೂ ಹಿಡಿದಿದ್ದರೆ ಆಗಲ್ಲ ಅನ್ನುತ್ತದೆ. ಬೇರೆ ವಿಭಾಗದವರೂ ಇದೇ ದಾರಿಯಲ್ಲಿ ಬುಕ್ ಮಾಡಬೇಕು ಅಂತ ಮೇಲಿನವರಿಂದ ಒಂದು ಸುತ್ತೋಲೆ ಹೊರಡಿಸಿ. ಬೀಗದ ಕೈ ಇಟ್ಟುಕೊಂಡಿರುವವರಿಗೂ ಆ ಕ್ಯಾಲೆಂಡರ್ ಕಾಣುವಂತೆ ಮಾಡಿ.