ಅರ್ಜಿ ಯಾರ ಹೆಸರಿನಲ್ಲಿ ಎಂಬುದು ಮೊದಲು ತೀರ್ಮಾನವಾಗಲಿ

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನಿಮಗೆ 32 ವರ್ಷ, ಸಾಫ್ಟ್‌ವೇರ್ ಎಂಜಿನಿಯರ್ ಆಗಿ ಎಂಟು ವರ್ಷಗಳ ಅನುಭವವಿದೆ; ನಿಮ್ಮ ಪತ್ನಿಯವರಿಗೆ 29 ವರ್ಷ, ಬಿ.ಎಡ್. ಮುಗಿಸಿ ಆರು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾರೆ. ಅಂಕಗಳ ಆಧಾರದ ಮೇಲೆ ಕಾಯಂ ವಾಸಕ್ಕೆ ಅವಕಾಶ ಕೊಡುವ ಆಸ್ಟ್ರೇಲಿಯಾದ 189 ವೀಸಾಕ್ಕೆ ನಿಮ್ಮ ಹೆಸರಿನಲ್ಲಿ 70 ಅಂಕಗಳಾಗುತ್ತವೆ, ಕನಿಷ್ಠ 65 ಇದ್ದರೆ ಸಾಕು, ಆದ್ದರಿಂದ ವೀಸಾ ಖಾತ್ರಿ ಎಂದು ಕನ್ಸಲ್ಟೆಂಟ್ ಒಬ್ಬರು ಹೇಳಿದ್ದಾರೆ, ಮುಂದುವರಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಮುಂದುವರಿಯಬಹುದು, ಆದರೆ ಆ ಲೆಕ್ಕವನ್ನು ನೆಚ್ಚಿಕೊಂಡು ಬೇಡ.

65 ಅಂಕಗಳಿದ್ದರೆ ಆಸ್ಟ್ರೇಲಿಯಾ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಸ್ಕಿಲ್‌ಸೆಲೆಕ್ಟ್‌ನಲ್ಲಿ ಆಸಕ್ತಿಯನ್ನು ದಾಖಲಿಸಬಹುದು, ಅಷ್ಟೇ. ವೀಸಾಕ್ಕೆ ಅರ್ಜಿ ಹಾಕಲು ಆಹ್ವಾನ ಬರುವುದು ನಿಮ್ಮದೇ ವೃತ್ತಿಯವರ ನಡುವೆ ನಿಮ್ಮ ಸ್ಥಾನ ಎಲ್ಲಿದೆ ಎಂಬುದನ್ನು ನೋಡಿಕೊಂಡು, ಮತ್ತು ಸಾಫ್ಟ್‌ವೇರ್‌ನವರ ಸಾಲು ಬಹಳ ಉದ್ದವಾಗಿದೆ. ಅದಿರಲಿ, ನಿಮ್ಮ 70 ಕೂಡ ನಿಲ್ಲುವುದಿಲ್ಲ. ಎಂಟು ವರ್ಷಗಳಿಗೆ 15 ಅಂಕ ಹಾಕಿದ್ದಾರೆ. ಆದರೆ ಐಟಿ ವೃತ್ತಿಗಳನ್ನು ಪರಿಶೀಲಿಸುವ ಎಸಿಎಸ್ ಸಂಸ್ಥೆಯು ಓದಿದ ವಿಷಯಕ್ಕೂ ಮಾಡುವ ಕೆಲಸಕ್ಕೂ ಹೊಂದಿಕೆಯಿದ್ದಾಗಲೂ ಸಾಮಾನ್ಯವಾಗಿ ಮೊದಲ ಎರಡು ವರ್ಷಗಳನ್ನು ಕಳೆದು, ಅನಂತರದ ಅನುಭವವನ್ನು ಮಾತ್ರ ಎಣಿಸುತ್ತದೆ. ಉಳಿದ ಆರು ವರ್ಷಗಳಿಗೆ ಸಿಗುವುದು 10. ಅಂದರೆ ವಯಸ್ಸಿಗೆ 30, ಪದವಿಗೆ 15, ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ವಿಭಾಗಗಳಲ್ಲಿ ನೀವು ಪಡೆದಿರುವ 7ಕ್ಕೆ 10, ಅನುಭವಕ್ಕೆ 10, ಒಟ್ಟು 65. ಆಹ್ವಾನ ಬರುವ ದಿನದ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ, 33 ತುಂಬಿದ ದಿನ ಅದರಲ್ಲೂ ಐದು ಅಂಕ ಹೋಗುತ್ತದೆ.

ಈಗ ಅದೇ ಲೆಕ್ಕವನ್ನು ನಿಮ್ಮ ಪತ್ನಿಯವರ ಹೆಸರಿನಲ್ಲಿ ಹಾಕಿ ನೋಡಿ. ವಯಸ್ಸಿಗೆ 30, ಪದವಿಗೆ 15, ಇಂಗ್ಲಿಷಿಗೆ 10, ಅನುಭವಕ್ಕೆ 10. ನೀವು ಎಸಿಎಸ್ ಪರಿಶೀಲನೆ ಮುಗಿಸಿಕೊಂಡರೆ ಸಂಗಾತಿಯ ಕೌಶಲ್ಯಕ್ಕಾಗಿ ಅವರಿಗೆ ಇನ್ನೂ 10 ಸೇರಿ 75 ಆಗುತ್ತದೆ. ಅವರ ಪರಿಶೀಲನೆ ಮುಗಿದರೆ ನಿಮಗೂ 75 ಆಗುತ್ತದೆ, ನಿಜ. ಆದರೆ ಪ್ರೌಢಶಾಲಾ ಶಿಕ್ಷಕರಿಗೆ ಈಚಿನ ವರ್ಷಗಳಲ್ಲಿ ಸಾಫ್ಟ್‌ವೇರ್‌ನವರಿಗಿಂತ ಕಡಿಮೆ ಅಂಕಗಳಿಗೇ ಆಹ್ವಾನಗಳು ಹೋಗಿವೆ. ಮನೆಯಲ್ಲಿ ಹೆಚ್ಚು ಸಂಬಳ ತರುವವರೇ ಮುಖ್ಯ ಅರ್ಜಿದಾರರಾಗಬೇಕೆಂದು ನಮ್ಮವರು ಕೇಳದೆಯೇ ತೀರ್ಮಾನಿಸಿಬಿಡುತ್ತಾರೆ. ನಿಮ್ಮ ಕನ್ಸಲ್ಟೆಂಟರೂ ಅದನ್ನೇ ಮಾಡಿದಂತೆ ಕಾಣುತ್ತದೆ.

ನಿಮ್ಮ ಪತ್ನಿಯವರ ದಾರಿಯೂ ಸಲೀಸಲ್ಲ. ಶಿಕ್ಷಕರನ್ನು ಪರಿಶೀಲಿಸುವ ಎಐಟಿಎಸ್‌ಎಲ್ ಸಂಸ್ಥೆಗೆ ಐಇಎಲ್‌ಟಿಎಸ್ ಅಂಕ ಕೊಡುವುದಾದರೆ ಅದರ ಅಕಾಡೆಮಿಕ್ ಪರೀಕ್ಷೆಯದೇ ಆಗಬೇಕು. ಓದು ಮತ್ತು ಬರಹದಲ್ಲಿ 7, ಆಲಿಸುವುದು ಮತ್ತು ಮಾತಿನಲ್ಲಿ 8 ಬರಬೇಕು. ಇದಕ್ಕಿಂತ ಹೆಚ್ಚು ಜನ ಎಡವುವುದು ಬಿ.ಎಡ್. ಅಭ್ಯಾಸ ಬೋಧನೆಯ ಪತ್ರದಲ್ಲಿ. ಮೇಲ್ವಿಚಾರಣೆಯಲ್ಲಿ ಕನಿಷ್ಠ 45 ದಿನ ಪಾಠ ಮಾಡಿದ್ದಾರೆ, ಯಾವ ವಯಸ್ಸಿನ ಮಕ್ಕಳಿಗೆ, ಯಾವ ವಿಷಯವನ್ನು ಎಂಬುದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಸಹಿಯೊಂದಿಗೆ ಬರಬೇಕು. ಕಾಲೇಜಿನ ಕಚೇರಿಯವರು ಅಂಕಪಟ್ಟಿಯನ್ನು ತೋರಿಸಿ 'ಇದರಲ್ಲೇ ಎಲ್ಲಾ ಇದೆಯಲ್ಲ' ಎನ್ನುತ್ತಾರೆ. ಅಂಕಪಟ್ಟಿಯಲ್ಲಿ ದಿನಗಳ ಸಂಖ್ಯೆ ಇರುವುದಿಲ್ಲ. ಬೇಕಾದ ಒಕ್ಕಣೆಯನ್ನು ನೀವೇ ಟೈಪ್ ಮಾಡಿಸಿಕೊಂಡು ಹೋಗಿ, ದಾಖಲೆ ನೋಡಿ ದಿನಗಳನ್ನು ತುಂಬಿಕೊಡಿ ಎಂದು ಕೇಳುವುದು ಒಳ್ಳೆಯದು.

ನಿಮ್ಮ ಅನುಭವ ಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೇರಿದ ಮತ್ತು ಬಿಟ್ಟ ದಿನಾಂಕಗಳಷ್ಟೇ ಇರುವ ಎಚ್‌ಆರ್ ಪತ್ರ ಸಾಲದು, ಮಾಡಿದ ಕೆಲಸದ ವಿವರ ಬೇಕು. ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ದಾಖಲೆಗಳನ್ನು ಜೊತೆಗಿಟ್ಟುಕೊಳ್ಳಿ. ಮಾಡದ ಕೆಲಸವನ್ನು ಯಾರೇ ಹೇಳಿದರೂ ಬರೆಸಬೇಡಿ. ಸುಳ್ಳು ದಾಖಲೆ ಕೊಟ್ಟ ಕಾರಣಕ್ಕೆ ವೀಸಾ ತಿರಸ್ಕೃತವಾದರೆ ಮೂರು ವರ್ಷಗಳ ಕಾಲ ಬಹುತೇಕ ವೀಸಾಗಳು ಸಿಗುವುದಿಲ್ಲ, ಮತ್ತು ಆ ಪೆಟ್ಟು ಜೊತೆಯ ಅರ್ಜಿದಾರರಿಗೂ ಬೀಳುತ್ತದೆ. ಕನ್ಸಲ್ಟೆಂಟರು ಮಾರಾ (ಆಸ್ಟ್ರೇಲಿಯಾದ ವಲಸೆ ಏಜೆಂಟರ ನೋಂದಣಿ ಸಂಸ್ಥೆ) ನೋಂದಣಿ ಪಡೆದವರೇ ಎಂಬುದನ್ನು ಸರ್ಕಾರದ ಪಟ್ಟಿಯಲ್ಲಿ ಹುಡುಕಿ ನೋಡಿ. ಖಾತ್ರಿ ಕೊಡುವ ಅಧಿಕಾರವಂತೂ ಯಾರಿಗೂ ಇಲ್ಲ.

189 ಸಿಗದಿದ್ದರೆ ರಾಜ್ಯವೊಂದರ ನಾಮನಿರ್ದೇಶನದ 190 ವೀಸಾಕ್ಕೆ ಐದು ಅಂಕ, 491ಕ್ಕೆ 15 ಅಂಕ ಹೆಚ್ಚಿಗೆ ಸಿಗುತ್ತವೆ. 491 ತಾತ್ಕಾಲಿಕ ವೀಸಾ, ಅವಧಿ ಐದು ವರ್ಷ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಬೇರೆಡೆ ನೆಲೆಸಿ ಮೂರು ವರ್ಷ ಕಳೆದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಡಿಲೇಡ್, ಪರ್ತ್‌ನಂಥ ನಗರಗಳೂ ಇದರೊಳಗೆ ಬರುವುದರಿಂದ ಇದನ್ನು ಕೀಳಾಗಿ ಕಾಣಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ವೀಸಾ ಬಂದರೂ ನಿಮ್ಮ ಪತ್ನಿಯವರು ತರಗತಿಗೆ ಕಾಲಿಡಲು ಆಯಾ ರಾಜ್ಯದ ಶಿಕ್ಷಕರ ನೋಂದಣಿಯನ್ನು ಬೇರೆಯಾಗಿ ಪಡೆಯಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ನಿಮಗೂ ಬಂದ ಕೂಡಲೇ ಕೆಲಸ ಸಿಗದಿರಬಹುದು, ಆದ್ದರಿಂದ ಎರಡೂ ಸಂಬಳಗಳಿಲ್ಲದೆ ಆರು ತಿಂಗಳ ಬಾಡಿಗೆ ಮತ್ತು ಖರ್ಚನ್ನು ನಿಭಾಯಿಸುವಷ್ಟು ಹಣ ಕೈಯಲ್ಲಿರಲಿ. ಆಹ್ವಾನ ಬಂದ ಮೇಲೆ ಅರ್ಜಿ ಸಲ್ಲಿಸಲು ಇರುವುದು 60 ದಿನ. ಆಗ ದಾಖಲೆಗಾಗಿ ಓಡಾಡುವ ಬದಲು ಕಾಲೇಜಿನ ಪತ್ರಕ್ಕೆ ಈ ವಾರವೇ ಅರ್ಜಿ ಕೊಡಿ. ವೀಸಾ ಮಂಜೂರಾಗುವವರೆಗೆ ಇಬ್ಬರೂ ರಾಜೀನಾಮೆ ಕೊಡಬೇಡಿ.