ಓದುಗರ ಪ್ರಶ್ನೆ: ಬೇಸಿಗೆಯ ಜಲಾಶಯದಲ್ಲಿ ಹಕ್ಕಿ ಎಲ್ಲಿ?

ಪ್ರಶ್ನೆ: ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಜಲಾಶಯವೊಂದಕ್ಕೆ ಹಕ್ಕಿ ನೋಡಲು ಹೋಗಿದ್ದೆ. ಮಧ್ಯಾಹ್ನದವರೆಗೆ ಏರಿಯ ಮೇಲೆ ನಿಂತರೂ ನೀರುಕಾಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಮತ್ತೆ ಹೋಗುವವನಿದ್ದೇನೆ. ದಡದಲ್ಲಿ ಗೂಡು ಸಿಕ್ಕರೆ ಫೋಟೊ ತೆಗೆಯಬಹುದೇ?

ಉತ್ತರ: ಈ ಸಲ ಏರಿ ಬಿಟ್ಟು ಹಿನ್ನೀರಿನ ತುದಿಗೆ ಹೋಗಿ. ಅಣೆಕಟ್ಟೆಯ ಬಳಿ ನೀರು ಆಳ, ತಳಕ್ಕೆ ಬೆಳಕು ಮುಟ್ಟುವುದಿಲ್ಲ. ಮಟ್ಟ ಏರಿಳಿಯುತ್ತಲೇ ಇರುವುದರಿಂದ ಅಂಚಿನಲ್ಲಿ ಜೊಂಡು ಬೇರೂರುವುದೂ ಕಷ್ಟ. ಅಲ್ಲಿ ಹೊಟ್ಟೆ ತುಂಬುವುದು ಆಳಕ್ಕೆ ಮುಳುಗಿ ಮೀನು ಹಿಡಿಯುವ ನೀರುಕಾಗೆಯಂಥವಕ್ಕೆ. ತೊರೆ ಬಂದು ಸೇರುವ ಕಡೆ ಹೂಳು, ಹುಳು, ಪಾಚಿ, ಮೊಣಕಾಲುದ್ದದ ನೀರು ಎಲ್ಲ ಇರುತ್ತವೆ. ಕೊಕ್ಕರೆ, ಬೆಳ್ಳಕ್ಕಿ, ಬಾಲ ಕುಣಿಸುವ ಸಿಪಿಲೆಗಳಿಗೆ ಬೇಕಾದದ್ದು ಅದೇ. ನೀರಲ್ಲಿ ಮುಳುಗೇಳುವ ಪುಟ್ಟ ಹಕ್ಕಿ ಗುಳುಮುಳುಕವೂ ಇದ್ದೀತು, ಗೂಡು ಬಿಟ್ಟು ಹೋಗುವಾಗ ಅದು ಮೊಟ್ಟೆಗಳ ಮೇಲೆ ಜಲಸಸ್ಯ ಎಳೆದು ಮುಚ್ಚುವುದನ್ನು ನೋಡಲು ಎಷ್ಟು ಹೊತ್ತು ಕೂತರೂ ನನಗೆ ಬೇಸರವಿಲ್ಲ.

ಬೆಳಕು ಹರಿಯುವ ಮೊದಲೇ ತಲುಪಿ, ಪೂರ್ವದ ದಡದಲ್ಲಿ ಕೂತುಕೊಳ್ಳಿ. ಸೂರ್ಯ ಬೆನ್ನಿಗಿದ್ದರೆ ಬಣ್ಣ ಸ್ಪಷ್ಟ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ, ಆಗ ಎಷ್ಟು ದುಬಾರಿ ದುರ್ಬೀನಾದರೂ ದೂರದ ಹಕ್ಕಿ ಕಲಸಿದಂತೆ ಕಾಣುತ್ತದೆ.

ಇನ್ನು ಗೂಡಿನ ಮಾತು. ಫೋಟೊ ತೆಗೆಯಬೇಡಿ, ದಯವಿಟ್ಟು. ನೀರಿಳಿದು ಬಯಲಾದ ಜಲ್ಲಿದಡದಲ್ಲೇ ಟಿಟ್ಟಿಭ, ಪ್ಲವರ್ ಎಂಬ ದಡದ ಪುಟ್ಟ ಹಕ್ಕಿಗಳು ಮೊಟ್ಟೆ ಇಡುತ್ತವೆ, ಸಾಮಾನ್ಯವಾಗಿ 4. ಕಲ್ಲಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು, ಕಾಲಡಿಗೆ ಸಿಕ್ಕರೂ ಸಿಕ್ಕಿತು. ಸುಡುಬಿಸಿಲಿನಲ್ಲಿ ತಾಯಿ ತಂದೆ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ, ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ತಂಪು ಮಾಡುತ್ತವೆ. ನೀವು ಕ್ಯಾಮೆರಾ ಹಿಡಿದು ಅಲ್ಲೇ ನಿಂತರೆ ಅವು ಮರಳುವುದಿಲ್ಲ, ಒಳಗಿನ ಮರಿ ಬಿಸಿಲಿಗೆ ಸಾಯುತ್ತದೆ. ಟಿಟ್ಟಿಭ ತಲೆಯ ಮೇಲೆ ಸುತ್ತಿ ಕಿರುಚಿದರೆ, ಪ್ಲವರ್ ರೆಕ್ಕೆ ಮುರಿದಂತೆ ನೆಲಕ್ಕೆ ಎಳೆದುಕೊಂಡು ಓಡಿದರೆ, ಗೂಡೋ ಮರಿಯೋ ಹತ್ತಿರದಲ್ಲಿದೆ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

ಪ್ರಶ್ನೆ: ಬೇಸಿಗೆಯಲ್ಲಿ ಮಲ್ಲಾರ್ಡ್ ಬಾತುಗಳ ಹಿಂಡಿನಲ್ಲಿ ಹಸಿರು ತಲೆಯ ಗಂಡು ಒಂದೂ ಇರಲಿಲ್ಲ. ಎಲ್ಲಿ ಹೋಗುತ್ತವೆ?

ಉತ್ತರ: ಅಲ್ಲೇ ಇದ್ದವು. ಹೆಣ್ಣು ಕಾವಿಗೆ ಕೂತ ಮೇಲೆ ಗಂಡು ಆ ಬಣ್ಣದ ಗರಿ ಉದುರಿಸಿ ಹೆಣ್ಣಿನಂತೆಯೇ ಕಂದಾಗುತ್ತದೆ. ಕೊಕ್ಕು ನೋಡಿ: ಗಂಡಿನದು ಹಳದಿ, ಹೆಣ್ಣಿನದು ಕಿತ್ತಳೆ ಮೇಲೆ ಕಪ್ಪು ಮಚ್ಚೆ. ಹಾರುವ ಗರಿಗಳೂ ಒಟ್ಟಿಗೇ ಉದುರುವುದರಿಂದ 3–4 ವಾರ ಹಾರಲಾಗದು. ಜೊಂಡಿನಿಂದ ಹೊರಗೆ ಬರಲಿ ಎಂದು ದೋಣಿಯಲ್ಲಿ ಬೆನ್ನಟ್ಟುವವರನ್ನು ಕಂಡರೆ ಖಂಡಿತ ತಡೆಯಿರಿ.