ಎಂಪಿ3 ಇದ್ದ ಮೇಲೂ ಫ್ಲ್ಯಾಕ್ ಬೇಕಾ? ಕ್ವೀನ್ ಹಿಟ್ಸ್ ಬಗ್ಗೆ ಉತ್ತರ

ಕ್ವೀನ್ ಬ್ಯಾಂಡಿನ 'ಗ್ರೇಟೆಸ್ಟ್ ಹಿಟ್ಸ್' 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್; ಕಡಿಮೆಯಾದಷ್ಟೂ ಸದ್ದಿನ ನಷ್ಟ ಜಾಸ್ತಿ) ಎಂಪಿ3ಯಲ್ಲಿ ಇದೆ, ಮತ್ತೆ ಫ್ಲ್ಯಾಕ್ (ಸದ್ದು ಏನೂ ಕಳೆಯದೆ ಹಿಂಡಿಡುವ ಫೈಲ್) ತಗೊಂಡರೆ ಏನು ಲಾಭ ಅಂತ ಕೇಳಿದ್ದೀರಿ. ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವುದಾದರೆ ಸುಮ್ನೆ ಬಿಡಿ. ಅದು ಸಾಮಾನ್ಯವಾಗಿ ಹಾಡನ್ನು ಮತ್ತೊಮ್ಮೆ ಹಿಂಡಿಯೇ ಕಳಿಸುತ್ತದೆ. ವೈರ್ ಇರುವ ಹೆಡ್‌ಫೋನಿನಲ್ಲೂ ಒಳ್ಳೆಯ 320ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ಹಿಡಿಯುವುದು ಕಷ್ಟ. ಹೆಸರು ಮುಚ್ಚಿಟ್ಟು ಹೋಲಿಸುವ ಎಬಿಎಕ್ಸ್ ಪರೀಕ್ಷೆಯಲ್ಲಿ ನಾನೇ ಸೋತಿದ್ದೇನೆ! ಹಳೆಯ 128ರ ಫೈಲಾದರೆ ಬೇರೆ ಮಾತು. 'ವಿ ವಿಲ್ ರಾಕ್ ಯೂ' ಹಾಡಿನ ಚಪ್ಪಾಳೆಯ ಏಟು ಅದರಲ್ಲಿ ಮೊಂಡಾಗುತ್ತದೆ.

ಆದರೂ ನನ್ನ ಹತ್ತಿರ ಇದು ಫ್ಲ್ಯಾಕ್‌ನಲ್ಲೇ ಇದೆ. 1981ರ ಬ್ರಿಟನ್ ಆವೃತ್ತಿಯಲ್ಲಿ 17 ಹಾಡು, 1974ರಿಂದ 1980ರವರೆಗಿನವು. ಮೊದಮೊದಲು ಇವರು ಆಲ್ಬಮ್ ಕವರಿನ ಮೇಲೆ ಸಿಂಥಸೈಸರ್ ಬಳಸಿಲ್ಲ ಅಂತ ಅಚ್ಚು ಹಾಕಿಸುತ್ತಿದ್ದರು. 1980ರ 'ಪ್ಲೇ ದ ಗೇಮ್' ಶುರುವಾಗುವುದೇ ಸಿಂಥಸೈಸರ್‌ನಿಂದ. 'ಬೊಹೀಮಿಯನ್ ರಾಪ್ಸಡಿ'ಯ ಆ ದೊಡ್ಡ ಕೋರಸ್ ಮೂರೇ ಜನರ ದನಿ, ಪದರದ ಮೇಲೆ ಪದರ ಹಾಕಿ ರೆಕಾರ್ಡ್ ಮಾಡಿದ್ದು. ಇದನ್ನೆಲ್ಲ ಒಂದೇ ಕೂತಲ್ಲಿ ಕೇಳುವುದೇ ಹಿಟ್ಸ್ ಆಲ್ಬಮ್‌ನ ಮಜಾ, ಅಲ್ವಾ?

ತಗೊಳ್ಳುವುದಾದರೆ ಫಾರ್ಮ್ಯಾಟ್‌ಗಿಂತ ಮೊದಲು ಯಾವ ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡುವ ಕೆಲಸ) ಅಂತ ನೋಡಿ. ಕಿವಿಗೆ ಗೊತ್ತಾಗುವ ವ್ಯತ್ಯಾಸ ಜಾಸ್ತಿ ಇರುವುದು ಅಲ್ಲೇ. ಹಳೆಯ ಸಿಡಿಯೂ ಇದೆ, 2011ರ ರೀಮಾಸ್ಟರೂ ಇದೆ. ಎರಡಕ್ಕೂ ಸದ್ದಿನ ಮಟ್ಟ ಸಮ ಮಾಡುವ ರೀಪ್ಲೇಗೇನ್ ಹಾಕಿ, ಒಂದೇ ಮಟ್ಟದ ಸದ್ದಿನಲ್ಲಿ ಹೋಲಿಸಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. 1981ರ ಅಮೆರಿಕದ ಆವೃತ್ತಿಯ ಹಾಡಿನ ಪಟ್ಟಿಯೇ ಬೇರೆ, ಅದನ್ನೂ ಗಮನಿಸಿ.

ಇನ್ನೊಂದು, ಇರುವ ಎಂಪಿ3ಯನ್ನೇ ಫ್ಲ್ಯಾಕ್ ಮಾಡಬೇಡಿ. ನಾನು ಒಮ್ಮೆ ಇಡೀ ಫೋಲ್ಡರ್ ಹಾಗೆ ಮಾಡಿ ಖುಷಿಪಟ್ಟಿದ್ದೆ. ಫೈಲ್ ದಪ್ಪವಾಯಿತು ಅಷ್ಟೇ, ಹೋದ ಸದ್ದು ಹಿಂದೆ ಬರಲಿಲ್ಲ. ಬೇರೆ ಕಡೆಯಿಂದ ಬಂದ ಫ್ಲ್ಯಾಕ್ ಮೇಲೆ ಅನುಮಾನ ಇದ್ದರೆ ಸದ್ದಿನ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ಪ್ರೋಗ್ರಾಮಿನಲ್ಲಿ ತೆರೆದು ನೋಡಿ. ಚಿತ್ರ 16 ಕಿಲೋಹರ್ಟ್ಜ್ ಹತ್ತಿರ ಕತ್ತರಿಸಿದಂತೆ ನಿಂತಿದ್ದರೆ ಅದು ಬಹುಶಃ ಎಂಪಿ3ಯಿಂದ ಬಂದದ್ದು.

ಸಿಡಿ ಕೈಯಲ್ಲಿದ್ದರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಪ್ರೋಗ್ರಾಮಿನಿಂದ ಹಾಡುಗಳನ್ನು ಕಂಪ್ಯೂಟರಿಗೆ ತೆಗೆಯಿರಿ, ನಕಲು ಸರಿಯಿದೆಯಾ ಅಂತ ಬೇರೆಯವರ ನಕಲಿನ ಜೊತೆ ಹೋಲಿಸುವ ಆಕ್ಯುರೇಟ್‌ರಿಪ್ ಆನ್ ಇರಲಿ. ಒಂದು ಗಂಟೆಯ ಸಿಡಿ 600 ಎಂಬಿಗೆ ಸ್ವಲ್ಪ ಮೇಲೆ. ಫ್ಲ್ಯಾಕ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧದಿಂದ ಮುಕ್ಕಾಲು ಭಾಗ ಜಾಗ ಸಾಕು. ಅದನ್ನು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡು, ಫೋನಿಗೆ ಬೇಕಾದಾಗ ಅದರಿಂದಲೇ ಎಂಪಿ3 ಮಾಡಿಕೊಳ್ಳಿ.